ಶೇಂಗಾ ಕಿತ್ತ ಮೇಷ್ಟ್ರು

ಜಯದೇವಪ್ಪ ಮೇಷ್ಟ್ರು ಪಂಚೆ ಮೇಲೆತ್ತಿ ಕಟ್ಟಿಕೊಂಡು ಅಜ್ಜಮ್ಮನ ಹೊಲದಲ್ಲಿ ಶೇಂಗಾ ಕೀಳುತ್ತಿರುವುದನ್ನು ಕಂಡು ಶಿವಗಂಗಮ್ಮ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ವಾರವಿಡೀ ಶರ್ಟಿನ ಇಸ್ತ್ರಿ ಕೆಡದಂತೆ ಓಡಾಡುವ ಮನುಷ್ಯ ಭಾನುವಾರ ಮಣ್ಣಿನಲ್ಲಿ ಕೂತರೆ ಕಾರಣ ಬೇರೇನಿದ್ದೀತು? ಅಜ್ಜಮ್ಮನಿಗೆ ಮದುವೆಗೆ ಬಂದ ಮಗಳಿದ್ದಳು. ಅಳಿಯತನ ಈಗಲೇ ಶುರುವಾಯಿತೆಂದುಕೊಂಡು ಶಿವಗಂಗಮ್ಮ ಮುಖ ತಿರುಗಿಸಿದಳು. ಮೇಷ್ಟ್ರೋ, ಕೈ ಎತ್ತಿ ನಕ್ಕರು. ಆ ನಗು ಬಹಳ ಚೆನ್ನಾಗಿತ್ತು, ತೊಂದರೆ ಇದ್ದದ್ದೇ ಅಲ್ಲಿ.

ಸೊಕ್ಕೆ ಊರಿನಿಂದಾಚೆಗಿನ ಆ ಹಳ್ಳಿಯ ಶಾಲೆಗೆ ಇವರಿಬ್ಬರೇ ಶಿಕ್ಷಕರು. ಎಪ್ಪತ್ತೆಂಟನೇ ಇಸವಿಯ ಶೇಂಗಾ ಕೀಳುವ ಕಾಲ. ಮಕ್ಕಳೆಲ್ಲ ಹೊಲದಲ್ಲಿ, ಮಗ್ಗಿ ಕೇಳುವುದಕ್ಕೆ ಗೋಡೆಗಳಷ್ಟೇ. ಹಾಜರಿ ಹೀಗೇ ಇದ್ದರೆ ಎರಡನೇ ಪೋಸ್ಟು ರದ್ದೆಂದು ಜಗಳೂರಿನ ಕಚೇರಿಯಿಂದ ಎಚ್ಚರಿಕೆ ಬಂದಿತ್ತು. ಎರಡನೇ ಪೋಸ್ಟೆಂದರೆ ಶಿವಗಂಗಮ್ಮನದೇ.

ಸೋಮವಾರ ಇನ್‌ಸ್ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಬಂದರು. ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ. ಎರಡೂ ಮೂರೂ ಕೂಡಿದರೆ ಎಷ್ಟೆಂದು ಅವಳನ್ನು ಕೇಳಿದರು. ಅವಳು ಎದ್ದು ನಿಂತು, ಸೇರೋ ಮೂಟೆಯೋ ಎಂದು ವಿಚಾರಿಸಿದಳು. ಸಾಹೇಬರು ನಗಲಿಲ್ಲ. ಈ ಶಾಲೆಗೆ ಒಬ್ಬರು ಸಾಕು, ಟೀಚರಮ್ಮ ಹೊನ್ನಾಳಿ ಕಡೆ ಹೋಗಲಿ ಎಂದು ಹೇಳಿ ಬಸ್ಸು ಹತ್ತಿದರು.

ಬಸ್ಸಿನ ಧೂಳು ಅಡಗುವ ಮುಂಚೆಯೇ ಅಜ್ಜಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ಅಕ್ಕೋರೇ, ನಿಮ್ಮ ಮೇಷ್ಟ್ರಿಗೆ ಒಸಿ ಬುದ್ಧಿ ಹೇಳ್ರಿ. ಅವರೇ, ಭಾನುವಾರ ನಾನು ಶೇಂಗಾ ಕಿತ್ತುಕೊಡ್ತೀನಿ, ಸೋಮವಾರ ಹುಡುಗ್ರನ್ನ ಇಸ್ಕೂಲಿಗೆ ಕಳಿಸ್ರಿ, ಇಲ್ದಿದ್ರೆ ಟೀಚರ್ ಹೋಗಿಬಿಡ್ತಾರೆ ಅಂತ ಮನೆಮನೆಗೂ ಬಂದು ಕೈ ಮುಗಿದ್ರು. ಕಿತ್ತಿದ್ದು ಬರೀ ಗಿಡ. ಕಾಯೆಲ್ಲ ಮಣ್ಣಾಗೇ ಅವೆ. ಈಗ ಅದನ್ನ ಕೆದಕಾಕೆ ಊರಿನ ಹುಡುಗ್ರೆಲ್ಲ ಹೊಲದಾಗೇ ಕುಂತಾವೆ."

ಅಜ್ಜಮ್ಮ ಕ್ಲಾಸಿನಲ್ಲಿದ್ದ ಆ ಹುಡುಗಿಯನ್ನೂ ಕೆದಕಲು ಕರೆದುಕೊಂಡು ಹೋದಳು. ಜಯದೇವಪ್ಪ ಏನೂ ಬರೆಯದ ಕಪ್ಪುಹಲಗೆಯನ್ನು ಒರೆಸುತ್ತಿದ್ದರು. ಅಂಗೈ ತುಂಬ ಬೊಬ್ಬೆ. ಪಾಪ, ನಾನೇನೋ ತಿಳಿದುಕೊಂಡೆನಲ್ಲ ಎಂದು ಶಿವಗಂಗಮ್ಮ ಪೇಚಾಡಿಕೊಂಡಳು. ನಗುವೂ ಬಂತು.

"ನನ್ನ ಟ್ರಾನ್ಸ್‌ಫರು ನೀವೇ ಕೈಯಾರೆ ಮಾಡಿಸಿದ್ರಲ್ಲ ಮೇಷ್ಟ್ರೇ."

"ನೀವು ಹೋಗಬಾರದು ಅಂತ ಮಾಡಿದ್ದು ಕಣ್ರೀ," ಎಂದರು ಹಲಗೆಗೇ ಮುಖ ಮಾಡಿ. "ನೀವಿಲ್ದೆ ನಾನು ಈ ಊರಾಗೆ ಹೆಂಗಿರ್ಲಿ?"

ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಕಿಟಕಿಯಾಚೆ ನೋಡುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಗಂಡ ಇರೋ ಊರಿಗೇ ಹಾಕಿಕೊಡ್ರಿ ಅಂತ ಬರೆದ್ರೆ ಇಲಾಖೆಯೋರು ಕೇಳ್ತಾರಂತೆ. ಮೊದಲು ತ್ಯಾವಣಿಗೆಗೆ ಹೋಗಿ ನಮ್ಮಪ್ಪನ್ನ ಕೇಳ್ರಿ."

ಮರುದಿನ ಕೆದಕುವ ಕೆಲಸ ಮುಗಿದು ಮಕ್ಕಳೆಲ್ಲ ಶಾಲೆಗೆ ಬಂದರು. ಗೈರುಹಾಜರಾದವರು ಮೇಷ್ಟ್ರೊಬ್ಬರೇ. ಅವರು ಬೆಳಗಿನ ಬಸ್ಸಿಗೇ ತ್ಯಾವಣಿಗೆಗೆ ಹೊರಟುಹೋಗಿದ್ದರು.