ಅರ್ಧ ಚಹಾ, ಒಂದು ಮೊಳೆ

"ಹಾಫ್ ನಹೀಂ ಮಿಲ್ತಾ, ಮೇಡಂ. ಒನ್ ಬೈ ಟೂ ಕೋ ದೋ ಜನಾ ಹೋನಾ."

ಇರಾನಿ ಹೋಟೆಲಿನ ಮಾಣಿ ಅಷ್ಟು ಹೇಳಿ ಟೇಬಲ್ ಒರೆಸತೊಡಗಿದ. ಒಂದು ಚಹಾವನ್ನು ಎರಡು ಕಪ್ಪಿಗೆ ಹಂಚಬೇಕೆಂದರೆ ಕುಡಿಯುವವರೂ ಇಬ್ಬರಿರಬೇಕಂತೆ... ಲಹರಿಗೆ ಅಳು ಬರುವಷ್ಟು ಸಿಟ್ಟು ಬಂತು. ಬಸ್ಸಿನ ಚಾರ್ಜು ತೆಗೆದಿಟ್ಟರೆ ಪರ್ಸಿನಲ್ಲಿ ಉಳಿದದ್ದು ಎರಡೇ ರೂಪಾಯಿ. ಇಡೀ ಚಹಾಕ್ಕೆ ನಾಲ್ಕು.

"ಎರಡು ರೂಪಾಯಿ ಚಹಾಕ್ಕೂ ಜೋಡಿ ಬೇಕಂತ. ಎಂಥಾ ಊರಪ್ಪಾ ಇದು," ಎಂದು ಗೊಣಗುತ್ತ ಎದ್ದಳು.

"ಕೂಡ್ರಿ."

ಅವಳು ಬೆಚ್ಚಿ ನೋಡಿದಳು. ಮೆಹದಿಪಟ್ಟಣಂ ಬಸ್ ನಿಲ್ದಾಣದ ಆ ಗದ್ದಲದ ನಡುವೆ, ಅದೇ ಟೇಬಲ್ಲಿನ ಎದುರು ಕುರ್ಚಿಯಿಂದ ಕನ್ನಡ ಕೇಳಿಬಂದಿತ್ತು! ತೆಳ್ಳಗಿನ ಹುಡುಗ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಕಣ್ಣಲ್ಲಿ ಮಾತ್ರ ಸಂಕೋಚ.

"ನನ್ನ ಹತ್ರಾನೂ ಅರ್ಧ ಚಹಾದಷ್ಟ ರೊಕ್ಕ ಐತ್ರಿ. ನಿಮಗ ಅಡ್ಡಿ ಇಲ್ಲಂದ್ರ ಇಬ್ರೂ ಕೂಡಿ ಒಂದು ತರಿಸೋಣು."

ಗುರುತಿಲ್ಲ, ಪರಿಚಯವಿಲ್ಲ. ಇವನ ಜೊತೆ ಚಹಾ ಹಂಚಿಕೊಳ್ಳುವುದೇ? ಎದ್ದು ಹೋಗಬೇಕು ಎಂದು ಮನಸ್ಸು ಹೇಳಿತು. ಆದರೆ ಕಾಲಿಗೆ ಅದು ಕೇಳಿಸಲಿಲ್ಲವೋ ಏನೋ, ಅವಳು ಕೂತುಬಿಟ್ಟಳು.

ಎರಡು ಕಪ್ ಬಂದವು. ಇಬ್ಬರೂ ತಮ್ಮ ತಮ್ಮ ಎರಡು ರೂಪಾಯಿಯನ್ನು ಟೇಬಲ್ಲಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಯಾಕೋ ಇಬ್ಬರಿಗೂ ಒಟ್ಟಿಗೇ ನಗು ಬಂತು.

ಅವನ ಹೆಸರು ಸೂರ್ಯಕಾಂತ. ಬೀದರ್ ಕಡೆಯವನು. ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಸಾಕಿ ಬೆಳೆಸಿದ ಕಾಕಾ ವೈಜನಾಥರದು ಕೋಠಿಯಲ್ಲಿ ಬಟ್ಟೆ ಅಂಗಡಿ. ಅದರ ಮಾಳಿಗೆಯ ಮೇಲಿನ ಕೋಣೆಯಲ್ಲಿ ಇವನ ವಾಸ. ಆ ಕೋಣೆಗೆ ಕಿಟಕಿಯೇ ಇಲ್ಲವಂತೆ. ಹಗಲಾಗಿದೆಯೋ ಇಲ್ಲವೋ ತಿಳಿಯಲು ಕೆಳಗಿಳಿದು ಬರಬೇಕಂತೆ. ಅದಕ್ಕೇ ವಾರಕ್ಕೆ ಕೈಖರ್ಚು ನೂರೇ ರೂಪಾಯಿ, ಉಳಿದದ್ದೆಲ್ಲ ಬ್ಯಾಂಕಿಗೆ. ಯಾವಾಗಲಾದರೂ ಒಂದು ಕಿಟಕಿ ಇರುವ ಮನೆ ಮಾಡಬೇಕೆಂದು ಅವನ ಆಸೆ.

"ನನ್ನದು ನೂರೈವತ್ತು," ಎಂದಳು ಲಹರಿ. ಯಾರಿಗೂ ಹೇಳದ ಮಾತು ಅದು. ಹೇಳಿದ ಮೇಲೆ ನಾಚಿಕೆಯಾಯಿತು.

ನೋಡಿ, ಅದು ಎರಡು ಸಾವಿರದ ಐದನೇ ಇಸವಿ. ಮಾಧಾಪುರದಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಸಂಬಳ ಬಂದ ದಿನ ಲಹರಿಯ ಗೆಳತಿಯರು ಹೊಸ ಫೋನು, ಹೊಸ ಚಪ್ಪಲಿ, ಪಿಜ್ಜಾ ಎಂದು ಕುಣಿಯುತ್ತಿದ್ದರು. ಅಮೆರಿಕದ ಡಾಕ್ಟರುಗಳ ಮಾತು ಕೇಳಿ ಟೈಪ್ ಮಾಡುವುದು ಅವರ ಕೆಲಸ. ಇವಳದ್ದೂ ಅದೇ, ಸಂಬಳವೂ ಅಷ್ಟೇ. ಆದರೆ ಇವಳ ಹದಿಮೂರು ಸಾವಿರದಲ್ಲಿ ನಾಲ್ಕು ಸಾವಿರ ಚೀಟಿಗೆ, ಮೂರು ಬ್ಯಾಂಕಿಗೆ, ಉಳಿದದ್ದು ಅವ್ವನ ಕೈಗೆ. ಅದರಲ್ಲಿ ಅವ್ವ ತಿರುಗಿ ಕೊಡುತ್ತಿದ್ದ ವಾರದ ನೂರೈವತ್ತೇ ಇವಳ ರಾಜ್ಯಭಾರ! ಗೆಳತಿಯರು ಜಿಪುಣಿ ಎಂದು ರೇಗಿಸುತ್ತಿದ್ದರು. ನಕ್ಕು ಸುಮ್ಮನಾಗುತ್ತಿದ್ದಳು.

ಯಾಕೆಂದರೆ ಅವಳಿಗೊಂದು ಗುಟ್ಟಿತ್ತು.

ಅಪ್ಪ ಮಲ್ಲಣ್ಣ ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್. ಮೂವತ್ತೊಂದು ವರ್ಷ ಕ್ವಾರ್ಟರ್ಸಿನಲ್ಲೇ ಜೀವನ. ಅಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅಪ್ಪನ ತಾಯಿ ಬಸಲಿಂಗಮ್ಮನ ಫೋಟೋ ಅಷ್ಟು ವರ್ಷವೂ ಕಪಾಟಿನ ಮೇಲೆ ಗೋಡೆಗೆ ಒರಗಿಕೊಂಡೇ ನಿಂತಿತ್ತು. ಫ್ಯಾನು ಜೋರಾಗಿ ತಿರುಗಿದರೆ ಅದು ಬೀಳುತ್ತಿತ್ತು. ಅಪ್ಪ ಒರೆಸಿ ಮತ್ತೆ ಇಡುತ್ತಿದ್ದರು. ಬರುವ ಮಾರ್ಚಿಗೆ ನಿವೃತ್ತಿ, ಮನೆ ಖಾಲಿ ಮಾಡಬೇಕು. ಪಿಎಫ್ ಹಣವೆಲ್ಲ ಅಕ್ಕನ ಮದುವೆಗೆ ಕರಗಿತ್ತು.

ಹಾಗಾಗಿ ಅತ್ತಾಪುರದಲ್ಲಿ ಕಟ್ಟುತ್ತಿದ್ದ ಒಂದು ಫ್ಲ್ಯಾಟ್ ಅನ್ನು ಲಹರಿ ಕಣ್ಣಲ್ಲೇ ಕೊಂಡುಬಿಟ್ಟಿದ್ದಳು. ಮೂರನೇ ಮಹಡಿ, ಪೂರ್ವದ ಬಾಲ್ಕನಿ. ಮುಂಗಡ ಒಂದು ಲಕ್ಷ ಎಂಬತ್ತು ಸಾವಿರ ಕಟ್ಟಿದರೆ ಉಳಿದದ್ದಕ್ಕೆ ಅವಳ ಹೆಸರಿನಲ್ಲಿ ಬ್ಯಾಂಕ್ ಸಾಲ. ಅಪ್ಪ ಅವ್ವನಿಗೆ ಒಂದು ಮಾತೂ ಹೇಳಿರಲಿಲ್ಲ. ಬೀಗದ ಕೈಯನ್ನು ಅಪ್ಪನ ಅಂಗೈಯಲ್ಲಿಟ್ಟು, ಆ ಮುಖ ನೋಡಬೇಕು... ಅಷ್ಟೇ ಅವಳ ಕನಸು.

ಆ ಶನಿವಾರದ ನಂತರ ಎಲ್ಲ ಶನಿವಾರಗಳೂ ಬೇರೆಯಾದವು. ಆರು ಗಂಟೆಗೆ ಅದೇ ಟೇಬಲ್ಲು, ಅದೇ ಒನ್ ಬೈ ಟೂ. ಮಾಣಿ ಈಗ ಕೇಳದೆಯೇ ತಂದಿಡುತ್ತಿದ್ದ. ವಾರದಲ್ಲಿ ಯಾರು ಹೆಚ್ಚು ಉಳಿಸಿದರೋ ಅವರಿಗೆ ಒಂದು ಉಸ್ಮಾನಿಯಾ ಬಿಸ್ಕತ್ತಿನ ಬಹುಮಾನ. ಅವನು ಕೋಠಿಯಿಂದ ನಡೆದೇ ಬಂದು ಗೆಲ್ಲುತ್ತಿದ್ದ. ಗೆದ್ದ ಬಿಸ್ಕತ್ತನ್ನು ಮುರಿದು ಅರ್ಧ ಅವಳ ಕಡೆ ಸರಿಸುತ್ತಿದ್ದ. ಮನೆ ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್. ಮಿಸ್ಡ್ ಕಾಲಿಗೆ ಕಾಸಿಲ್ಲ! ಅವನ ಹೆಸರು ಫೋನಿನಲ್ಲಿ ಒಮ್ಮೆ ಮಿಂಚಿ ಮಾಯವಾದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ಭಾನುವಾರ ಅವನನ್ನು ಅತ್ತಾಪುರಕ್ಕೆ ಕರೆದೊಯ್ದಳು. ಇನ್ನೂ ಪ್ಲಾಸ್ಟರ್ ಕಾಣದ ಇಟ್ಟಿಗೆ ಗೋಡೆ, ಬಾಗಿಲಿಲ್ಲದ ಬಾಗಿಲು. ಹಸಿ ಸಿಮೆಂಟಿನ ವಾಸನೆ. ಇಲ್ಲಿ ಅವ್ವನ ಒಲೆ, ಇಲ್ಲಿ ತುಳಸಿ ಕುಂಡ ಎಂದು ಸುಣ್ಣದ ತುಂಡಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು. ಹಾಲ್‌ನ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟಳು.

"ಇಲ್ಲಿ ಅಪ್ಪಾಜಿ ಮೊಳಿ ಹೊಡೀತಾರ. ಯಾರ ಪರ್ಮಿಷನ್ನೂ ಕೇಳದ."

ತನ್ನ ಬಳಿ ಬ್ಯಾಂಕಿನಲ್ಲಿ ಎಂಬತ್ತೈದು ಸಾವಿರ ಇದೆ, ಒಂದು ಲಕ್ಷದ ಚೀಟಿ ಎತ್ತಿದರೆ ಮುಂಗಡ ಸರಿಹೋಗುತ್ತದೆ ಎಂಬ ಲೆಕ್ಕವನ್ನೂ ಅವನಿಗೇ ಮೊದಲು ಹೇಳಿದಳು. ಲೋಕದಲ್ಲಿ ಆ ಗುಟ್ಟು ತಿಳಿದವನು ಅವನೊಬ್ಬನೇ. ಸೂರ್ಯಕಾಂತ ಕಿಟಕಿಗೆಂದು ಬಿಟ್ಟ ಖಾಲಿ ಜಾಗದಲ್ಲಿ ನಿಂತು ಮುಂಜಾನೆಯ ಬೆಳಕನ್ನು ನೋಡುತ್ತಿದ್ದ. ಆ ಬೆಳಕು ಅವನ ಕೆನ್ನೆಯ ಮೇಲೂ ಬಿದ್ದಿತ್ತು. 'ಈ ಕಿಟಕಿಗೆ ಇವನೇ ಸರಿ' ಎನ್ನಿಸಿತು ಅವಳಿಗೆ. ಹಾಗನ್ನಿಸಿದ್ದಕ್ಕೆ ತಾನೇ ಕೆಂಪಾದಳು.

ಜನವರಿಯ ಮೊದಲ ದಿನಗಳಲ್ಲಿ ಕ್ವಾರ್ಟರ್ಸಿಗೆ ಒಬ್ಬ ಹಿರಿಯರು ಬಂದರು. ಕೈಯಲ್ಲಿ ಹೂವು, ಹಣ್ಣು. ಸೂರ್ಯಕಾಂತನ ಕಾಕಾ ವೈಜನಾಥ ಎಂದು ಪರಿಚಯ ಹೇಳಿಕೊಂಡರು. ಒಳಗೆ ಚಹಾ ಸೋಸುತ್ತಿದ್ದ ಲಹರಿ ಪಾತ್ರೆ ಕೆಳಗಿಟ್ಟು ಪರದೆಯ ಬಳಿ ಬಂದಳು. ಹೆಣ್ಣು ಕೇಳಲು ಬಂದಿದ್ದಾರೆ! ಒಂದು ಮಾತೂ ಹೇಳದೆ ಕಳಿಸಿದ್ದಾನೆ ಕಳ್ಳ... ಅವಳ ಮನಸ್ಸು ಆಗಲೇ ಅತ್ತಾಪುರದ ಬಾಲ್ಕನಿಯಲ್ಲಿತ್ತು.

ಪರದೆಯಾಚೆಯಿಂದ ಅವರ ಮಾತು ಕೇಳಿಸಿತು.

"ಹುಡುಗ ನಿಮ್ಮ ಹುಡುಗೀನ ಭಾಳ ಮೆಚ್ಚ್ಯಾನ್ರಿ. ನಮಗ ಬ್ಯಾರೆ ಏನೂ ಬ್ಯಾಡ. ಆಕಿ ಕೂಡಿಟ್ಟ ಒಂದು ಲಕ್ಷ ಐತೆಲ್ಲ, ಅದರಾಗ ಲಗ್ನ ಚಂದಂಗ ಮಾಡಿಕೊಡ್ರಿ. ಸಾಕು."

ಅಪ್ಪ ಖುಷಿಯಿಂದ ಹೂಂಗುಟ್ಟುತ್ತಿದ್ದರು. ಅವ್ವ ಸೂಗಮ್ಮ ಆಗಲೇ ಫಂಕ್ಷನ್ ಹಾಲ್ ಹೆಸರು ಹೇಳುತ್ತಿದ್ದಳು.

ಲಹರಿ ಮಾತ್ರ ಸೋಸಿದ ಚಹಾವನ್ನು ಹೊರಗೆ ಒಯ್ಯಲಿಲ್ಲ. ಒಂದು ಲಕ್ಷ! ಅದು ಮನೆಯ ಹಣವೆಂದು ಬಲ್ಲವನು ಒಬ್ಬನೇ. ಆ ಚುಕ್ಕೆ ಇಟ್ಟ ಗೋಡೆಯ ಎದುರು ನಿಂತು ಕೇಳಿಸಿಕೊಂಡವನು ಅವನೇ. ಎಲ್ಲ ತಿಳಿದೂ ಅದನ್ನೇ ಕೇಳಲು ಕಳಿಸಿದನೇ? ಅಷ್ಟು ಶನಿವಾರ ಬಿಸ್ಕತ್ತು ಮುರಿದು ಕೊಟ್ಟದ್ದು ಇದಕ್ಕೇನು?

ಬಂದವರು ಹೋದ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ಈ ಸಂಬಂಧ ನನಗ ಬ್ಯಾಡ."

ಅವ್ವ ಅತ್ತಳು, ಬೈದಳು. ಅಪ್ಪ ಏನೂ ಕೇಳಲಿಲ್ಲ. ರಾತ್ರಿ ಎಂಟಕ್ಕೆ ಮಿಸ್ಡ್ ಕಾಲ್ ಬಂತು. ಮಾರನೇ ದಿನ ನಿಜವಾದ ಕರೆಗಳೇ ಬಂದವು, ಒಂದಲ್ಲ, ನಾಲ್ಕು. ಅವಳು ಎತ್ತಲಿಲ್ಲ. ಎರಡು ಶನಿವಾರ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಿಕೊಂಡು ಆ ಹೋಟೆಲನ್ನು ದಾಟಿದಳು. ಪರ್ಸಿನಲ್ಲಿ ಎರಡೆರಡು ರೂಪಾಯಿ ಉಳಿದವು. ಅಷ್ಟು ಬೇಡವಾದ ಉಳಿತಾಯ ಅವಳ ಜೀವನದಲ್ಲೇ ಬೇರೆ ಇರಲಿಲ್ಲ.

ಚೀಟಿ ಎತ್ತುವ ಭಾನುವಾರ ಬಂತು. ಬಿಲ್ಡರ್ ಕೊಟ್ಟ ಗಡುವಿಗೆ ಇನ್ನು ಎಂಟೇ ದಿನ.

ಚೀಟಿ ನಡೆಸುವವರು ಯಮುನಾಬಾಯಿ. ಇಪ್ಪತ್ತೈದು ಕನ್ನಡದ ಮನೆಗಳು, ತಿಂಗಳಿಗೊಮ್ಮೆ ಸವಾಲು. ಹೆಚ್ಚು ಹಣ ಬಿಟ್ಟುಕೊಡಲು ಒಪ್ಪಿದವರಿಗೆ ಆ ತಿಂಗಳ ಚೀಟಿ. ಕನಿಷ್ಠ ಐದು ಸಾವಿರ ಬಿಡಲೇಬೇಕು. ಆದರೆ ಅಲ್ಲೊಂದು ರೂಢಿಯಿತ್ತು. ಲಗ್ನಕ್ಕೋ ಆಸ್ಪತ್ರೆಗೋ ಯಾರಿಗಾದರೂ ಚೀಟಿ ಬೇಕಾದರೆ, ಉಳಿದವರು ಸವಾಲು ಕೂಗದೆ ಸುಮ್ಮನಿರುತ್ತಿದ್ದರು. ಮನೆಗೆಂದು ಈವರೆಗೆ ಯಾರೂ ಕೇಳಿರಲಿಲ್ಲ. ಕಂತಿನ ಹಣವನ್ನು ಯಾವಾಗಲೂ ಅವ್ವನೇ ಮುಟ್ಟಿಸುತ್ತಿದ್ದುದರಿಂದ ಲಹರಿ ಅಲ್ಲಿಗೆ ಹೋದದ್ದು ಅದೇ ಮೊದಲು. ದೊಡ್ಡ ಮೊತ್ತವೆಂದು ಅಪ್ಪನೂ ಜೊತೆಗೆ ಬಂದಿದ್ದರು.

ಜಮಖಾನೆಯ ಮೇಲೆ ಕೂತವರನ್ನು ನೋಡಿ ಅವಳು ಬಾಗಿಲಲ್ಲೇ ನಿಂತಳು. ವೈಜನಾಥ! ಅವರ ಹಿಂದೆ, ತಲೆ ತಗ್ಗಿಸಿಕೊಂಡು, ಸೂರ್ಯಕಾಂತ. ಸೊರಗಿಹೋಗಿದ್ದ.

ಯಮುನಾಬಾಯಿ ಕೆಂಪು ಬಟ್ಟೆಯ ದಫ್ತರ ಬಿಚ್ಚಿ, ಕನ್ನಡಕ ಏರಿಸಿ ಓದಿದರು.

"ಈ ತಿಂಗಳು ಮಲ್ಲಣ್ಣನ ಮಗಳು ಲಹರಿ. ಲಗ್ನದ ಸಲುವಾಗಿ."

"ಲಗ್ನ ಅಂತ ಯಾರು ಬರದ್ರಿ?" ಲಹರಿಯ ದನಿ ಅವಳಿಗೇ ಅಪರಿಚಿತವಾಗಿತ್ತು.

ಯಮುನಾಬಾಯಿ ಅಚ್ಚರಿಯಿಂದ ಕನ್ನಡಕ ಇಳಿಸಿದರು. "ನಾನ ಬರದೀನವ್ವಾ, ನೀ ಚೀಟಿಗೆ ಸೇರಿದಾಗ. ಲಗ್ನ ಆಗದ ಹುಡುಗಿ ಚೀಟಿ ಹಾಕಿದ್ರ ಮತ್ಯಾತಕ್ಕ ಹಾಕತಾಳ? ನಿಮ್ಮವ್ವನೂ ಹೂಂ ಅಂದಿದ್ಲು."

"ಸೂರ್ಯಾ ನಿನ್ನ ಹೆಸರು ಹೇಳಿದ್ದ. ದಫ್ತರದಾಗ ಲಗ್ನ ಅಂತ ಬರದಿದ್ದನ್ನ ನೋಡೇ ನಾ ನಿಮ್ಮ ಮನಿಗೆ ಬಂದಿದ್ದವ್ವಾ," ಎಂದರು ವೈಜನಾಥ. "ಸೂರ್ಯಾಗ ಹೇಳೇ ಇರಲಿಲ್ಲ. ನೀ ಒಲ್ಲೆ ಅಂದ ಮ್ಯಾಲ ಹೇಳಿದ್ನಿ. ಆಗಿಂದ ನನ್ನ ಸಂಗಾಟ ಮಾತ ಬಿಟ್ಟಾನ."

ಲಹರಿ ಸೂರ್ಯಕಾಂತನ ಕಡೆ ತಿರುಗಿದಳು. ಹಾಗಾದರೆ ಅವನು ಹೇಳಿರಲಿಲ್ಲ. ಹಣದ ಮಾತು ಏನೂ ಹೇಳಿರಲಿಲ್ಲ! ಮನೆಯವರಿಗೆ ತಾನು ಬಿಡಿಸಿ ಹೇಳದ ಒಂದು ಮಾತನ್ನು ಊರೆಲ್ಲ ಲಗ್ನವೆಂದು ತಿಳಿದಿತ್ತು, ಅಷ್ಟೇ. ಗುಟ್ಟು ಕಾಪಾಡಿದವನನ್ನೇ ತಾನು ಕಳ್ಳನೆಂದುಕೊಂಡಳಲ್ಲ...

ಸೂರ್ಯಕಾಂತ ಈಗಲೂ ಬಾಯಿ ಬಿಡಲಿಲ್ಲ. ಅವಳ ಅಪ್ಪನ ಎದುರು ಆ ಗುಟ್ಟನ್ನು ಒಡೆಯುವ ಹಕ್ಕು ತನ್ನದಲ್ಲ ಎಂಬಂತೆ ಜಮಖಾನೆಯ ಅಂಚನ್ನೇ ನೋಡುತ್ತಿದ್ದ. ಅದನ್ನು ಕಂಡು ಅವಳ ಕಣ್ಣು ತುಂಬಿತು.

ಮನೆ ಎಂದು ಈಗ ಹೇಳಿದರೆ ಎಲ್ಲರೂ ಸವಾಲು ಕೂಗಬಹುದು. ಐದು ಸಾವಿರಕ್ಕಿಂತ ಒಂದು ರೂಪಾಯಿ ಹೆಚ್ಚು ಹೋದರೂ ಫ್ಲ್ಯಾಟ್ ಕೈ ತಪ್ಪುತ್ತದೆ. ಸುಮ್ಮನಿದ್ದರೆ ಹಣ ಸುಲಭವಾಗಿ ಸಿಗುತ್ತದೆ. ಆದರೆ ಸುಳ್ಳಿನ ಹಣದಲ್ಲಿ ಅಪ್ಪನ ಗೋಡೆ ಏಳುವುದು ಬೇಡ.

"ಲಗ್ನ ಅಂತ ಇರೂದು ಹೊಡದು ಹಾಕ್ರಿ, ಆಯಿ. ಮನಿ ಅಂತ ಬರೀರಿ. ಮಾರ್ಚಿಗೆ ನಾವು ಕ್ವಾರ್ಟರ್ಸ್ ಬಿಡಬೇಕು. ನಮ್ಮಪ್ಪಾಜಿ ಮೂವತ್ತೊಂದು ವರ್ಷದಾಗ ಗ್ವಾಡಿಗಿ ಒಂದು ಮೊಳಿ ಹೊಡದಿಲ್ರಿ."

ಮಲ್ಲಣ್ಣ ಮಗಳ ಮುಖವನ್ನೇ ನೋಡುತ್ತ ಕೂತರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಒರೆಸಿದಷ್ಟೂ ಮುಖ ಒದ್ದೆಯಾಗುತ್ತಿತ್ತು.

"ಐದು ಸಾವಿರ," ಎಂದಳು ಲಹರಿ.

ಅದಕ್ಕಿಂತ ಹೆಚ್ಚು ಬಿಡುವವರು ಇದ್ದಾರೆಯೇ ಎಂದು ಯಮುನಾಬಾಯಿ ಮೂರು ಸಲ ಕೇಳಿದರು. ವೈಜನಾಥರಿಗೆ ಆ ತಿಂಗಳು ಅಂಗಡಿಯ ಮಾಲಿಗೆ ಹಣ ಬೇಕಿತ್ತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವರು ಎದ್ದು ನಿಂತು ಪಕ್ಕದವರಿಗೆಲ್ಲ ಕೇಳುವಂತೆ, "ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂತಾರ. ಗಾದ್ಯಾಗೂ ಮನೀನ ಮದಲ ಐತಿ, ಮನೀನ ಮದಲ ಆಗಲಿ," ಎಂದರು. ಸವಾಲು ಅಲ್ಲಿಗೇ ಮುಗಿಯಿತು.

ಮೆಟ್ಟಿಲ ಬಳಿ ಲಹರಿ ಅವನನ್ನು ತಡೆದಳು.

"ನಿಮ್ಮನ್ನ ಒಂದು ಮಾತು ಕೇಳಲಾರದ ಕಳ್ಳ ಅಂತ ತಿಳಕೊಂಡೆ. ತಪ್ಪಾತ್ರಿ."

ಅವನು ಮೆಟ್ಟಿಲ ಮೇಲೇ ತಿರುಗಿ ನಿಂತ. "ಎರಡು ಶನಿವಾರಾನೂ ಮಾಣಿ ಎರಡು ಕಪ್ ತಂದಿಟ್ಟಾನ್ರಿ. ನಿಮ್ಮ ಕಪ್ ಆರಿಹೋತು. ನಾಕೂ ರೂಪಾಯಿ ನಾನ ಕೊಟ್ಟೆ. ನನ್ನ ಬಜೆಟ್ ಪೂರಾ ಕೆಟ್ಟೈತಿ."

ಅಳುತ್ತಿದ್ದವಳು ನಕ್ಕುಬಿಟ್ಟಳು.

"ನಿಮ್ಮನ್ನ ಕೇಳೂದು ಒಂದೈತಿ," ಎಂದ ಅವನು. "ಆದ್ರ ಇವತ್ತಲ್ಲ. ನಿಮ್ಮಪ್ಪಾರು ಆ ಮೊಳಿ ಹೊಡೀಲಿ. ಆಮ್ಯಾಲ ಕೇಳತೀನಿ."

ಮಾರ್ಚ್ ಕೊನೆಯ ಭಾನುವಾರ ಗೃಹಪ್ರವೇಶ. ಹಾಲು ಉಕ್ಕಿತು. ಬಂದವರೆಲ್ಲ ಊಟಕ್ಕೆ ಕೂರುವ ಮುನ್ನ ಮಲ್ಲಣ್ಣ ಸುತ್ತಿಗೆ ತೆಗೆದುಕೊಂಡರು. ಜೀವನವಿಡೀ ಕಬ್ಬಿಣದ ಜೊತೆ ಬಾಳಿದ ಆ ಫಿಟ್ಟರನ ಮೊದಲ ಏಟು ಬೆರಳಿಗೇ ಬಿತ್ತು. ಎರಡನೇ ಏಟಿಗೆ ಮೊಳೆ ಗೋಡೆಗಿಳಿಯಿತು, ಅವಳು ಇಟ್ಟ ಚುಕ್ಕೆ ಇದ್ದ ಜಾಗದಲ್ಲೇ. ಬಸಲಿಂಗಮ್ಮನ ಫೋಟೋ ನೇರವಾಗಿ ನಿಂತಿತು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಸೂರ್ಯಕಾಂತ ಬಾಲ್ಕನಿಯ ಪಕ್ಕದ ಕಿಟಕಿಯ ಬಳಿ ನಿಂತಿದ್ದ. ಲಹರಿ ಅಂಚಿನವರೆಗೆ ತುಂಬಿದ ಒಂದು ಕಪ್ ಚಹಾವನ್ನು ಬಸಿಯ ಮೇಲಿಟ್ಟು ತಂದುಕೊಟ್ಟಳು.

"ಇವತ್ತು ಇಡೀ ಚಹಾ ಐತ್ರಿ. ನಮ್ಮ ಮನ್ಯಾಗ ಅರ್ಧ ಕೊಡೂದಿಲ್ಲ."

ಅವನು ಬಸಿಗೆ ಅರ್ಧ ಬಗ್ಗಿಸಿ, ಬಸಿಯನ್ನು ತಾನಿಟ್ಟುಕೊಂಡು ಕಪ್ಪನ್ನು ಅವಳಿಗೇ ತಿರುಗಿ ಕೊಟ್ಟ.

"ಒನ್ ಬೈ ಟೂಕ್ಕ ಇಬ್ಬರು ಬೇಕಲ್ರಿ."

ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡಿದಳು. ಬಹಳ ಹೊತ್ತು ಕಾದಳು. ಅವನು ಚಹಾ ಊದುತ್ತಲೇ ನಿಂತಿದ್ದ. ಕೊನೆಗೆ ಅವಳೇ ಸೋತಳು.

"ಮೊಳಿ ಹೊಡದಾತು. ಅದೇನೋ ಕೇಳೂದೈತಿ ಅಂದಿದ್ರೆಲ್ಲ?"

"ಕೇಳಬೇಕಂತ ಇಡೀ ವಾರ ಬಾಯಿಪಾಠ ಮಾಡೀನಿ. ಈಗ ಒಂದೂ ನೆನಪಿಗೆ ಬರವಲ್ಲದು." ಅವನ ದನಿ ತಗ್ಗಿತು. "ಲಹರಿ... ಈ ಕಿಟಕಿ ಮುಂದ ದಿನಾ ನಿಂದರ್ಲಿಕ್ಕೆ ನನಗ ಜಾಗಾ ಐತೇನು?"

"ಐತಿ," ಎಂದಳು ಲಹರಿ. "ಸ್ವಲ್ಪ ಆ ಕಡೆ ಸರೀರಿ. ನಾನೂ ನಿಂದರಬೇಕು."