ಹದಿನೆಂಟು ವರ್ಷ ಹಾಕಿದ ಹೊಗೆಸೊಪ್ಪು

“ಇದು ನಾನು ಬರೆದದ್ದಲ್ಲ,” ಎಂದರು ಡಾಕ್ಟರ್ ತನ್ಮಯಿ.

ಹಾಸನದ ಆಸ್ಪತ್ರೆಯೊಂದರ ದಾಖಲೆ ಕೋಣೆ. ಮೇಜಿನ ಮೇಲೆ ಸತ್ತ ಪಾಪಯ್ಯನ ಫೈಲು. ಮೂರನೆಯ ಹಾಳೆಯನ್ನು ಯಾರೋ ಬದಲಿಸಿದ್ದರು. ಸೀಲು ಮಾತ್ರ ಡಾಕ್ಟರದೇ.

“ನೀವು ಬರೆದದ್ದೇನು?” ಸಬ್ ಇನ್ಸ್‌ಪೆಕ್ಟರ್ ಮೈತ್ರೇಯಿ ಕೇಳಿದರು.

“ಶ್ವಾಸಕೋಶದ ಮೇಲಿನ ಪೊರೆಯ ಕ್ಯಾನ್ಸರ್. ಶ್ವಾಸಕೋಶದ್ದೇ ಬೇರೆ, ಇದೇ ಬೇರೆ. ಅದಕ್ಕೆ ಹೆಚ್ಚಾಗಿ ಬೀಡಿ ಸಿಗರೇಟಿನ ಹೊಗೆ ಕಾರಣ. ಪೊರೆಯದ್ದಕ್ಕೆ ಆಸ್ಬೆಸ್ಟಾಸ್ ಧೂಳು. ಒಳಗೆ ಹೋಗಿ ಮೂವತ್ತು ವರ್ಷ ಸುಮ್ಮನಿರುತ್ತದೆ. ಆಮೇಲೆ ಎದೆನೋವು, ಪೊರೆಯೊಳಗೆ ನೀರು, ನಾಲ್ಕು ಮೆಟ್ಟಿಲಿಗೇ ಏದುಸಿರು.”

ಹೊಸ ಹಾಳೆಯಲ್ಲಿದ್ದದ್ದು: ಶ್ವಾಸಕೋಶದ ಕ್ಯಾನ್ಸರ್. ಕಾರಣ, ಹದಿನೆಂಟು ವರ್ಷ ತಂಬಾಕು ಸೇವನೆ.

ಪಾಪಯ್ಯ ಹೊಳೆನರಸೀಪುರದ ಆಸ್ಬೆಸ್ಟಾಸ್ ಶೀಟು ಕೊಯ್ಯುವ ಶೆಡ್ಡಿನಲ್ಲಿ ಮೂವತ್ತೆರಡು ವರ್ಷ ಗರಗಸ ಹಿಡಿದವನು. ಅವನು ಸತ್ತ ಮೇಲೆ ಶೆಡ್ಡಿಗೆ ಬೀಗ ಬಿದ್ದಿತ್ತು. ಇವತ್ತು ಮೂರು ಗಂಟೆಗೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ. ಈ ಹಾಳೆ ನಿಂತರೆ ಬೀಗ ತೆಗೆಯುತ್ತಾರೆ. ಅಲ್ಲೇ ಕೆಲಸಕ್ಕಿರುವ ಅವನ ಮಗಳು ಶಾಂತಿ ನಾಳೆ ಮತ್ತೆ ಅದೇ ಧೂಳಿನಲ್ಲಿ ನಿಲ್ಲಬೇಕು.

* * *

ಕೋಣೆಯ ಕೀಲಿ ಗುಮಾಸ್ತ ಮೋಹನ್‌ಕುಮಾರನದು. ಅವನ ಬೆವರು ಕಾಲರಿಗೆ ಇಳಿದಿತ್ತು.

“ಸೋಮವಾರ ಟೀ ಕುಡಿಯಾಕೆ ಓಗಿದ್ದೆ ಮೇಡಂ. ಬಾಗ್ಲು ತೆಗ್ದೇ ಇತ್ತು. ಸೀಲೂ ಮೇಜಿನ ಮ್ಯಾಲೇ ಇತ್ತು.”

“ಯಾವೂರು?”

“ಅರಕಲಗೂಡು ಕಡೆ. ಅಪ್ಪಂದು ಹೊಗೆಸೊಪ್ಪಿನ ಬ್ಯಾಸಾಯ.”

ಮೈತ್ರೇಯಿ ಅದನ್ನು ಬರೆದುಕೊಂಡರು. ಹೊರಗೆ ಬೆಂಚಿನ ಮೇಲೆ ಪಾಪಯ್ಯನ ಹೆಂಡತಿ ಸುಬ್ಬಮ್ಮ ಕೂತಿದ್ದಳು.

“ನಿಮ್ಮ ಯಜಮಾನರಿಗೆ ತಂಬಾಕಿನ ಚಟ ಇತ್ತಾ?”

“ಯಾವ ಬಾಯಲ್ಲಿ ಅಂತಾರವ್ವಾ ಅದ? ಪಕ್ಕದೋನು ಬೀಡಿ ಅಚ್ಚುದ್ರೆ ಬಸ್ಸೇ ಇಳಿಯೋನು ಆ ಮನ್ಸ!”

“ಮತ್ತೆ ಈ ಹದಿನೆಂಟು ವರ್ಷ ಎಲ್ಲಿಂದ ಬಂತು?”

ಸುಬ್ಬಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ! ತಿಥಿ ದಿನ ಬಂದು, ಪಾಪಯ್ಯ ಹೊಗೆಸೊಪ್ಪು ಆಕ್ತಿದ್ನಾ ಅಂತ ಕೇಳುದ್ರು. ಆಕ್ತಿದ್ದ, ಹದಿನೆಂಟು ವರ್ಸ ಅಂದೆ. ಒಂದೆಕ್ರೇಲಿ ಕಣವ್ವ! ಆಮೇಲೆ ರಾಗಿ ಆಕುದ್ವಿ.”

“ಕೇಳಿದವರು ಯಾರು?”

ಸುಬ್ಬಮ್ಮ ಬಂದವರ ಹೆಸರು ಹೇಳಿದಳು.

* * *

ಕಾರ್ಮಿಕ ಅಧಿಕಾರಿಯ ಮುಂದೆ ಶೆಡ್ಡಿನ ಮ್ಯಾನೇಜರ್ ಪೃಥ್ವಿರಾಜ್ ಕೈಕಟ್ಟಿ ನಿಂತಿದ್ದ. ಬೆಂಗಳೂರಿನಿಂದ ಬಂದು ಆರು ತಿಂಗಳಾಗಿತ್ತು. ಸುಬ್ಬಮ್ಮ ಗೋಡೆ ಬದಿಗೆ ಕೂತಿದ್ದಳು.

“ಒಳ್ಳೆ ಕೆಲಸಗಾರ ಸಾರ್. ಆದರೆ ಚಟ ಬಿಡಬೇಕಲ್ಲ!”

“ಪೃಥ್ವಿರಾಜ್,” ಎಂದರು ಮೈತ್ರೇಯಿ, “ರಾಗಿ ಹಾಕಿದ್ದೀರಾ ಅಂತ ರೈತನನ್ನು ಕೇಳಿದರೆ ಏನರ್ಥ?”

“ಬೆಳೆದಿದ್ದೀರಾ ಅಂತ.”

“ಹೊಗೆಸೊಪ್ಪು ಹಾಕಿದ್ದೀರಾ ಅಂದರೆ?”

ಅವನು ಕಟ್ಟಿದ್ದ ಕೈ ಬಿಚ್ಚಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

“ಮೊದಲು ಗುಮಾಸ್ತನ ಮೇಲೆ ಅನುಮಾನವಿತ್ತು. ಆದರೆ ಹೊಗೆಸೊಪ್ಪು ಬೆಳೆಯುವ ಮನೆಯವನು ಹೊಲಕ್ಕೋ ಬಾಯಿಗೋ ಅಂತ ಕೇಳದೆ ಬಿಡುತ್ತಿರಲಿಲ್ಲ. ಸುಬ್ಬಮ್ಮ ಆ ಲೆಕ್ಕ ಹೇಳಿದ್ದು ಒಬ್ಬರಿಗೇ. ತಿಥಿಗೆ ಸೇಬು ಹಿಡಿದು ಬಂದ ನಿಮಗೆ. ಬೆಳೆಯನ್ನು ಚಟ ಅಂದುಕೊಂಡು ಬರೆದಿರಿ. ಸೋಮವಾರ ಟೀ ಹೊತ್ತಿಗೆ ಆ ಕೋಣೆಗೆ ನುಗ್ಗಿದ್ದು ಆಸ್ಪತ್ರೆಯ ಕ್ಯಾಮೆರಾದಲ್ಲಿದೆ. ಪರೀಕ್ಷೆಗೆ ತೆಗೆದ ಪಾಪಯ್ಯನ ಪೊರೆಯ ಚೂರು ಲ್ಯಾಬಿನಲ್ಲಿ ಇನ್ನೂ ಇದೆ. ಅದನ್ನು ಬದಲಿಸೋಕೆ ಆಗಲಿಲ್ಲ ನಿಮಗೆ.”

ಪೃಥ್ವಿರಾಜ್ ಕುರ್ಚಿ ಹುಡುಕಿದ. ಯಾರೂ ಕೊಡಲಿಲ್ಲ. ಪೇದೆ ಅವನ ತೋಳು ಹಿಡಿದ.

“ಶೆಡ್ಡು ತೆಗೆಯುವುದಿಲ್ಲ,” ಎಂದರು ಅಧಿಕಾರಿ. “ನೀವಿನ್ನು ಮನೆಗೆ ಹೋಗಿ, ಅಮ್ಮ.”

ಸುಬ್ಬಮ್ಮ ಅಲ್ಲಾಡಲಿಲ್ಲ.

“ಓಗಕ್ಕಿಲ್ಲ ಸಾ. ಅಲ್ಲಿ ಗೇದೋರು ಇಪ್ಪತ್ತೇಳು ಜನ ಕೆಳಗೆ ನಿಂತವ್ರೆ. ಎಲ್ಲಾರ ಎದೆ ಎಕ್ಸ್‌ರೇ ತೆಗ್ಸಿ. ಮೊದ್ಲು ನಂದು.”

“ನೀವು ಶೆಡ್ಡಿನಲ್ಲಿ ಕೆಲಸ ಮಾಡಿಲ್ಲವಲ್ಲ?”

“ಆ ಧೂಳಿನ ಅಂಗಿ ಮೂವತ್ತೆರಡು ವರ್ಸ ಕೊಡವಿ ಒಗ್ದಿರೋಳು ಯಾರು? ಬರ್ಕಳಿ ಸಾ. ಸುಬ್ಬಮ್ಮ. ಕೆಮ್ಮು ಸುರುವಾಗಿ ಎರಡು ತಿಂಗ್ಳು.”