ಎಂಟನೆಯ ರೈಫಲ್

ಮುರಿದ ಕಬ್ಬಿಣವನ್ನು ಓದಬಲ್ಲವರು ನರಹರಿಯವರು. ರೈಲ್ವೆಯಲ್ಲಿ ಅಪಘಾತಗಳ ತನಿಖೆ ನಡೆಸಿ ನಿವೃತ್ತರಾದ ಮೇಲೆ ಅವರು ಮಲ್ಕಾಜ್‌ಗಿರಿಯ ನನ್ನ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇದ್ದರು. ನ್ಯಾಯ ಸಿಗದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಕನ್ನಡ ಶಾಲೆಯ ಮಾಸ್ತರನಾಗಿದ್ದ ನಾನು ಆ ಎಲ್ಲ ಪ್ರಕರಣಗಳಲ್ಲೂ ಅವರ ಜೊತೆಗಿದ್ದೆ. ಆ ನವೆಂಬರಿನ ಬೆಳಿಗ್ಗೆ ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ ವಿಜಯಶ್ರೀ.

"ಮಾಸ್ತರ, ಅಪ್ಪನ್ನ ಪೊಲೀಸರು ಒಯ್ದಾರ್ರೀ. ಸೋಮಣ್ಣ ಕಾಕಾ ಸತ್ತದ್ದು ಅಪ್ಪನಿಂದ ಅಂತಾರ."

ಅವಳ ತಂದೆ ಹಂಪಯ್ಯ ಸೇನೆಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು. ಈಗ ಕಾವಲುಗಾರರನ್ನು ಒದಗಿಸುವ ಒಂದು ಏಜೆನ್ಸಿಯಲ್ಲಿ ಬಂದೂಕುಗಳ ಉಸ್ತುವಾರಿ ಅವರದು. ಹೈಟೆಕ್ ಸಿಟಿಯಲ್ಲಿ ದಿನಕ್ಕೊಂದರಂತೆ ಏಳುತ್ತಿದ್ದ ಗಾಜಿನ ಕಟ್ಟಡಗಳ ಬಾಗಿಲಿಗೆ ಶೋಭೆಗಾಗಿ ಬಂದೂಕು ಬೇಕಿತ್ತು. ಸೇನೆ ಕೈಬಿಟ್ಟ ಎಂಟು ಮುದಿ ರೈಫಲ್‌ಗಳನ್ನು ಏಜೆನ್ಸಿ ಎಲ್ಲಿಂದಲೋ ಕೊಂಡಿತ್ತು. ಒಳಗೆ ಕಂಪ್ಯೂಟರಿಗೆ ತಂಪು ಗಾಳಿ, ಹೊರಗೆ ಬಡವನ ಹೆಗಲಿಗೆ ನಂಬಲಾಗದ ಆಯುಧ; ಇದನ್ನೇ ನಾವು ಪ್ರಗತಿ ಎಂದು ಕರೆಯುತ್ತಿದ್ದೆವು.

ಹಿಂದಿನ ದಿನ ಪರೀಕ್ಷೆಗಾಗಿ ಗುಂಡು ಹಾರಿಸುವಾಗ ತನ್ನ ಪಾಲಿನ ರೈಫಲ್ ಹಿಂದಕ್ಕೆ ಸಿಡಿದು ಕಾವಲುಗಾರ ಸೋಮಣ್ಣ ಸ್ಥಳದಲ್ಲೇ ಸತ್ತಿದ್ದ. ಹಂಪಯ್ಯ ನಳಿಗೆಯೊಳಗೆ ಒರೆಸುವ ಚಿಂದಿ ಬಿಟ್ಟಿದ್ದರು ಎಂದು ಮ್ಯಾನೇಜರ್ ಆನಂದಕುಮಾರ ದೂರು ಕೊಟ್ಟಿದ್ದ. ಸಾಕ್ಷಿಗೆ ಸುಟ್ಟ ಬಟ್ಟೆಯ ಚೂರನ್ನೂ ಒದಗಿಸಿದ್ದ.

"ನಿಮ್ಮಪ್ಪ ನಳಿಗಿ ನೋಡಿರಲಿಲ್ಲೇನವ್ವಾ?" ನರಹರಿಯವರು ಕೇಳಿದರು.

"ನೋಡದ ಯಾರ ಕೈಗೂ ಕೊಡೋರಲ್ರಿ. ನಳಿಗಿ ಹಿಂದಿನ ಬೋಲ್ಟ್ ತಗದು, ಬೆಳಕಿಗೆ ಹಿಡಿದು, ಮುಗಿಲು ಕಂಡ ಮ್ಯಾಲೆ ಮತ್ತ ಕೂಡಿಸತಾರ. ನಿನ್ನೇನೂ ನೋಡ್ಯಾರ. ಆಮ್ಯಾಲೆ ಗುಮಾಸ್ತ ವಿನಾಯಕ ಅದನ್ನ ಮ್ಯಾನೇಜರ್ ಸಾಹೇಬ್ರ ಖೋಲಿಗೆ ಒಯ್ದ, ನಂಬರ್ ಬರಕೊಳ್ಳಾಕ. ಚಾ ಕುಡಿಯೋ ಹೊತ್ತು ಅಲ್ಲೇ ಇತ್ತಂತ."

"ಎಂಟೂ ರೈಫಲ್ ಚಲೋ ಇದ್ದವೇನು?"

"ಒಂದು ಬಾದ್ ಐತ್ರಿ. ಅದರ ಬೋಲ್ಟ್ ಬಿರದೈತಿ ಅಂತ ಅಪ್ಪನ ಅದನ್ನ ತಗಸ್ಯಾರ. ಅದು ಸಾಹೇಬ್ರ ಕಪಾಟಿನ್ಯಾಗ ಇರತದ. ದಸರಾಕ್ಕ ಪೂಜಿ ತಾಟು ನಾನ ಒಯ್ದಿದ್ದೆ. ಏಳಕ್ಕ ಅಪ್ಪ ಕುಂಕುಮ ಹಚ್ಚಿದ್ರು. ಎಂಟನೇದಕ್ಕ ಒಲ್ಲೆ ಅಂದ್ರು. ಮುಕ್ಕಾದ ಮೂರ್ತಿಗೆ ಪೂಜಿ ಮಾಡತೇವೇನು ಅಂದ್ರು."

ಠಾಣೆಯಲ್ಲಿ ನರಹರಿಯವರು ಸಿಡಿದ ರೈಫಲನ್ನು ಒಂದು ಗಂಟೆ ನೋಡಿದರು. ನಳಿಗೆಯ ಉದ್ದಕ್ಕೂ ಬೆರಳಾಡಿಸಿದರು, ಎಲ್ಲಿಯೂ ಉಬ್ಬಿರಲಿಲ್ಲ. ಒಡಲಿನ ಮೇಲೆ ಕೊರೆದ ಅಂಕಿಗಳ ಸಂದಿನಲ್ಲಿ ಎಣ್ಣೆ ಬೆರೆತ ಕುಂಕುಮ ಇನ್ನೂ ಅಂಟಿತ್ತು. ಬೋಲ್ಟಿನ ಹಿಡಿಯ ಬುಡದಲ್ಲಿ ಮಾತ್ರ ಅಂಕಿಯೇ ಇರಲಿಲ್ಲ. ಅರದಿಂದ ಉಜ್ಜಿದ ಲೋಹ ಹೊಳೆಯುತ್ತಿತ್ತು.

"ಮಾಸ್ತರ, ಸೋಮಣ್ಣಗ ವೈರಿಗಳು ಇದ್ರಾ, ಕೇಳ್ರಿ" ಎಂದರು.

ನಾನು ವಿಚಾರಿಸಿದೆ. ಈ ಬಂದೂಕುಗಳು ಕಾವಲಿಗೆ ಅಯೋಗ್ಯವೆಂದು ಸೋಮಣ್ಣ ಪೊಲೀಸ್ ಕಮಿಷನರಿಗೆ ಅರ್ಜಿ ಬರೆದಿದ್ದ. ಸೋಮವಾರ ಅವನ ಹೇಳಿಕೆ ದಾಖಲಾಗಬೇಕಿತ್ತು.

ಮರುದಿನ ಏಜೆನ್ಸಿಯ ಕಚೇರಿಯಲ್ಲಿ ಎಲ್ಲರೂ ಸೇರಿದೆವು. ಇನ್‌ಸ್ಪೆಕ್ಟರ್, ಬೇಡಿಯಲ್ಲಿ ಹಂಪಯ್ಯ, ಗೋಡೆಗೆ ಆತು ನಿಂತ ವಿಜಯಶ್ರೀ, ಗುಮಾಸ್ತ ವಿನಾಯಕ, ಕುರ್ಚಿಯಲ್ಲಿ ಆನಂದಕುಮಾರ.

"ನಳಿಗಿಯೊಳಗ ಚಿಂದಿ ಇದ್ದರ," ನರಹರಿಯವರು ಆರಂಭಿಸಿದರು, "ಅದು ಸಿಕ್ಕಿಕೊಂಡ ಜಾಗಾದಾಗ ನಳಿಗಿ ಉಬ್ಬಬೇಕು, ಇಲ್ಲಾ ಹರಿಯಬೇಕು. ಇದು ನೆಟ್ಟಗ ಐತಿ. ಮುರಿದದ್ದು ಬೋಲ್ಟಿನ ಹಲ್ಲು. ಮದ್ದಿನ ಒತ್ತಡ ತಡಿಯೋದು ಅದ. ಮುರಿದ ಮುಖದ ಅರ್ಧ ಹೊಸಾದು, ಹೊಳೀತದ. ಉಳಿದರ್ಧ ತುಕ್ಕು ಹಿಡಿದದ. ಅಂದ್ರ ಇದು ಮೊದಲೇ ಬಿರಿದಿದ್ದ ಬೋಲ್ಟ್."

"ಅರೇ ಸಾಬ್, ಹಾಗಾದ್ರೆ ಈ ಮುದುಕ ಬೋಲ್ಟ್ ಅದಲುಬದಲು ಮಾಡ್ಯಾನ" ಎಂದ ಆನಂದಕುಮಾರ. "ನಂಬರೂ ಇವನೇ ಉಜ್ಜಿರಬೇಕು. ಅರ ಇರೋದು ಇವನ ಡಬ್ಬಿಯೊಳಗ."

"ಇರಬಹುದು. ಬಾದ್ ಆದ ರೈಫಲ್ ನಿಮ್ಮ ಕಪಾಟಿನ್ಯಾಗ ಐತಲ್ಲ, ಅವರು ಅದನ್ನ ಮುಟ್ಟಿದ್ರೇನು?"

"ಹ್ಯಾಂಗ ಮುಟ್ಟತಾನ? ಜೂನ್‌ದಾಗ ನಾನೇ ಬೀಗ ಹಾಕೀನಿ. ಚಾವಿ ನನ್ನ ಸೊಂಟ ಬಿಟ್ಟಿಲ್ಲ. ವಿನಾಯಕನಿಗೂ ಕೊಟ್ಟಿಲ್ಲ."

"ಜೂನ್‌ನಿಂದ ತೆರೆದಿಲ್ಲ?"

"ತೆರೆಯೋ ಕೆಲಸ ಏನಿತ್ತು?"

ನರಹರಿಯವರು ಇನ್‌ಸ್ಪೆಕ್ಟರ್ ಕಡೆ ನೋಡಿದರು. ಚಾವಿ ಕೈ ಬದಲಾಯಿತು. ಕಪಾಟಿನಿಂದ ಹೊರಬಂದ ಎಂಟನೆಯ ರೈಫಲಿನ ಬೋಲ್ಟನ್ನು ಎಳೆದು ಅವರು ಕಿಟಕಿಯ ಬೆಳಕಿಗೆ ಹಿಡಿದರು. ಅಂಕಿಗಳ ಸಂದಿನಲ್ಲಿ ಕುಂಕುಮವಿತ್ತು. ಆ ಅಂಕಿಗಳು ಸಿಡಿದ ರೈಫಲಿನ ಒಡಲಿನವೇ ಆಗಿದ್ದವು.

"ಒಂದು ರೈಫಲಿನ ಬೋಲ್ಟು, ಒಡಲು, ಎರಡಕ್ಕೂ ಒಂದ ನಂಬರ್ ಇರತದ. ಈ ಕುಂಕುಮ ಅಕ್ಟೋಬರಿಂದು, ದಸರಾದ್ದು. ಜೂನ್‌ದಾಗ ಮುಚ್ಚಿದ ಕಪಾಟಿನೊಳಗ ಇದು ಹ್ಯಾಂಗ ಬಂತು, ಆನಂದಕುಮಾರ್? ಚಾ ಹೊತ್ತಿನ್ಯಾಗ ಚಲೋ ಬೋಲ್ಟ್ ಒಳಗಿಟ್ಟು, ಮೊದಲೇ ನಂಬರ್ ಉಜ್ಜಿಟ್ಟ ಬಿರಿದ ಬೋಲ್ಟ್ ಹಾಕಿ ಕೊಟ್ಟೀರಿ. ಸೋಮವಾರದೊಳಗ ಒಬ್ಬನ ಬಾಯಿ ಮುಚ್ಚಬೇಕಿತ್ತು ನಿಮಗ. ಚಿಂದಿ ಸುಟ್ಟದ್ದೂ ನೀವ."

ವಿನಾಯಕ ಅಳುತ್ತ ಹೇಳಿದ: "ತೆಗೆದುಕೊಂಡು ಹೋಗುವಾಗ ಬೋಲ್ಟ್ ಸಲೀಸಾಗಿ ಸರಿಯುತ್ತಿತ್ತು ಸರ್. ವಾಪಸ್ ತರುವಾಗ ಬಿಗಿಯಾಗಿತ್ತು. ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ."

ಈ ಸುಮ್ಮನಿರುವಿಕೆಯ ವಿರುದ್ಧವೇ ನಾನು ಮೂವತ್ತು ವರ್ಷ ಪಾಠ ಹೇಳಿದ್ದೆ.

ಹಂಪಯ್ಯನವರ ಬೇಡಿ ಬಿಚ್ಚಿದರು. ಮಗಳು ಕೈ ಹಿಡಿದು ಎಳೆದರೂ ಅವರು ಕದಲದೆ ಆ ಬೋಲ್ಟನ್ನೇ ನೋಡುತ್ತಿದ್ದರು.

"ನಡೀರಿ ಅಪ್ಪಾ. ನಿಮ್ಮ ತಪ್ಪಿಲ್ಲಂತ ಎಲ್ಲಾರಿಗೂ ಗೊತ್ತಾತು."

"ಬಂದೂಕು ಎಷ್ಟು ಸಲ ಕೈ ಬದಲಾದರೂ ಅಷ್ಟೂ ಸಲ ಬೋಲ್ಟ್ ತಗದು ನೋಡಬೇಕವ್ವಾ," ಹಂಪಯ್ಯ ಮೆಲ್ಲಗೆ ಹೇಳಿದರು. "ಸೇನೆಯೊಳಗ ನಾನ ಹುಡುಗರಿಗೆ ಕಲಿಸೇನಿ. ಮೊನ್ನಿ ಸಾಹೇಬ್ರ ಖೋಲಿಯಿಂದ ತಿರುಗಿ ಬಂದಾಗ ಕೈ ಮುಂದ ಮಾಡಿದ್ದೆ. ಸಾಹೇಬ್ರು ನೋಡಿ ಕಳಿಸ್ಯಾರ, ಮತ್ತ ಬಿಚ್ಚಿದರ ಅವರಿಗೆ ಅಪಮಾನ ಅಂತ ಬಿಟ್ಟೆ. ಸೋಮಣ್ಣಗ ನಾನ ಕೊಟ್ಟೆ."

ಕಾನೂನಿನಲ್ಲಿ ಆ ಸಂಕೋಚಕ್ಕೆ ಕಲಮು ಇರಲಿಲ್ಲ.